ಬೆಳ್ಳಕ್ಕಿಗಳ ಮೊತ್ತ: ಯಲಹಂಕ, ಜಕ್ಕೂರು, ಹೆಬ್ಬಾಳ ಕೆರೆಗಳ ಬಿಳಿ ಬಕಗಳನ್ನು ಬಿಡಿಸಿ ಎಣಿಸುವ ಬಗ್ಗೆ ಒಂದು ಟಿಪ್ಪಣಿ

ಉತ್ತರ ಬೆಂಗಳೂರಿನ ಕೆರೆಗಳಲ್ಲಿ ಜನವರಿಯ ನೀರುಹಕ್ಕಿ ಗಣತಿಗೆ ಹೋದವರ ಪಟ್ಟಿಗಳಲ್ಲಿ ‘ಬೆಳ್ಳಕ್ಕಿ’ ಎಂಬ ಒಂದೇ ಸಾಲು, ಅದರ ಮುಂದೆ ಒಂದು ಮೊತ್ತ, ಇಷ್ಟೇ ಇರುವುದು ಅಪರೂಪವಲ್ಲ. ಮಿಂಚುಳ್ಳಿಗಳನ್ನು ಮೂರಾಗಿ, ನೀರುಕಾಗೆಗಳನ್ನು ಮೂರಾಗಿ ಬಿಡಿಸಿ ಬರೆದವರೇ ಬಿಳಿ ಹಕ್ಕಿಗಳ ಹತ್ತಿರ ಬಂದಾಗ ಕೈಚೆಲ್ಲುತ್ತಾರೆ. ಇನ್ನು ಕೆಲವರು ಸರಿಯಾಗಿ ನೋಡದೆಯೇ ನಾಲ್ಕು ಹೆಸರುಗಳ ಮುಂದೆ ನಾಲ್ಕು ಅಂಕಿಗಳನ್ನು ಹಂಚಿಬಿಡುತ್ತಾರೆ. ಮೊದಲನೆಯದರಿಂದ ಮಾಹಿತಿ ಕಡಿಮೆಯಾಗುತ್ತದೆ, ಎರಡನೆಯದರಿಂದ ಸುಳ್ಳು ಮಾಹಿತಿ ಹುಟ್ಟುತ್ತದೆ. ಬಿಳಿ ಹಕ್ಕಿಗಳ ಒಟ್ಟು ಸಂಖ್ಯೆಯಿಂದ ಒಂದು ಕೆರೆಯ ಆರೋಗ್ಯ ತಿಳಿಯುವುದಿಲ್ಲ. ಕೊಕ್ಕಿನ ಬಣ್ಣ ನೋಡಿ ಬಿಡಿಸಿದರೆ ಋತು ಬದಲಾದಂತೆ ಲೆಕ್ಕ ತಪ್ಪುತ್ತದೆ. ಬಿಡಿಸುವುದಾದರೆ ಬದಲಾಗದ ಲಕ್ಷಣಗಳ ಮೇಲೆಯೇ ಬಿಡಿಸಬೇಕು, ಉಳಿದವನ್ನು ಗುರುತಾಗದ ಸಾಲಿನಲ್ಲೇ ಇಡಬೇಕು. ಈ ಟಿಪ್ಪಣಿಯ ವಾದ ಇಷ್ಟೇ.

ನಮ್ಮಲ್ಲಿ ವರ್ಷವಿಡೀ ಕಾಣಸಿಗುವ ಬಿಳಿ ಬಕಗಳು ನಾಲ್ಕು. ಅರ್ಡಿಯಾ ಆಲ್ಬಾ ಎಂಬ ದೊಡ್ಡ ಬೆಳ್ಳಕ್ಕಿ, ಅರ್ಡಿಯಾ ಇಂಟರ್‌ಮೀಡಿಯಾ ಎಂಬ ಮಧ್ಯಮ ಬೆಳ್ಳಕ್ಕಿ, ಎಗ್ರೆಟ್ಟಾ ಗಾರ್ಜೆಟ್ಟಾ ಎಂಬ ಚಿಕ್ಕ ಬೆಳ್ಳಕ್ಕಿ, ಮತ್ತು ದನಗಳ ಬೆನ್ನ ಹಿಂದೆ ಅಲೆಯುವ ಗೋವಕ್ಕಿ. ಮೈಬಣ್ಣ ಒಂದೇ ಆದರೂ ಬದುಕು ಒಂದೇ ಅಲ್ಲ. ದೊಡ್ಡದು ಉದ್ದ ಕಾಲಿನ ಬಲದಿಂದ ಆಳದ ನೀರಿಗೆ ಇಳಿದು, ಬಹಳ ಹೊತ್ತು ಅಲುಗಾಡದೆ ನಿಂತು ಮೀನು ಹಿಡಿಯುತ್ತದೆ. ಮಧ್ಯಮದ್ದು ಹೆಚ್ಚಾಗಿ ಜೊಂಡಿನ ಅಂಚು, ನೀರು ತೆಳುವಾಗಿ ನಿಂತ ಹುಲ್ಲು, ಗದ್ದೆ ಇಂಥ ಕಡೆ. ಮೀನಿನ ಜೊತೆಗೆ ಕಪ್ಪೆ, ಮಿಡತೆಗಳೂ ಅದಕ್ಕೆ ಆಹಾರ. ಚಿಕ್ಕದು ಒಂದು ಕಡೆ ನಿಲ್ಲುವುದಿಲ್ಲ: ಅಂಚಿನ ತೆಳುನೀರಿನಲ್ಲಿ ಓಡುತ್ತ, ಕಾಲಿನಿಂದ ಕೆಸರನ್ನು ಕದಡುತ್ತ, ಬೆದರಿ ಹೊರಬಿದ್ದ ಮರಿಮೀನನ್ನು ಕುಕ್ಕುತ್ತದೆ. ಗೋವಕ್ಕಿಗೆ ಆಹಾರದ ವಿಷಯದಲ್ಲಿ ಕೆರೆಯ ಹಂಗೇ ಇಲ್ಲ. ಹುಲ್ಲಿರುವ ಬಯಲು, ಮೇಯುವ ದನ, ಉಳುವ ಟ್ರ್ಯಾಕ್ಟರ್, ಕಸದ ರಾಶಿ ಅದಕ್ಕೆ ಸಾಕು. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ, ಹೆಬ್ಬಾಳದ ಪಶುವೈದ್ಯ ಕಾಲೇಜಿನ ಸುತ್ತಿನ ಬಯಲಿನಲ್ಲಿ ಅದು ಹೊಟ್ಟೆ ತುಂಬಿಸಿಕೊಳ್ಳಬಲ್ಲದು. ಕೆರೆಗೆ ಬರುವುದು ಬಹುಮಟ್ಟಿಗೆ ರಾತ್ರಿ ತಂಗಲು, ಗೂಡು ಕಟ್ಟಲು.

ಇದರ ಪರಿಣಾಮವನ್ನು ಯೋಚಿಸಬೇಕು. ಹಳೆಯ ಕೆರೆಗಳ ರಚನೆಯಲ್ಲಿ ಏರಿಯ ಕಡೆ ಆಳ, ನೀರು ಬರುವ ಕಡೆಗೆ ಕ್ರಮೇಣ ತೆಳುವಾಗುತ್ತ ಹೋಗುವ ಅಂಗಳ. ಬೇಸಿಗೆ ಬಂದಂತೆ ನೀರು ಹಿಂದೆ ಸರಿದು, ದಿನಕ್ಕೊಂದಷ್ಟು ಹೊಸ ಕೆಸರಂಚು ತೆರೆದುಕೊಳ್ಳುತ್ತಿತ್ತು. ಬೆಂಗಳೂರಿನ ಹಲವು ಕೆರೆಗಳ ‘ಪುನರುಜ್ಜೀವನ’ದಲ್ಲಿ ಹೂಳೆತ್ತುವ ಹೆಸರಿನಲ್ಲಿ ಅಂಗಳವನ್ನು ಬೋಗುಣಿಯ ಹಾಗೆ ಕೊರೆದು, ಸುತ್ತಲೂ ಏರಿ ಹಾಕಿ, ಅದರ ಮೇಲೆ ನಡಿಗೆಯ ದಾರಿ ಮಾಡಲಾಯಿತು. ತೆಳುನೀರು ಹೋದರೆ ಮೊದಲು ನೆಲೆ ತಪ್ಪುವುದು ಚಿಕ್ಕ ಬೆಳ್ಳಕ್ಕಿಗೆ ಮತ್ತು ಮಧ್ಯಮ ಬೆಳ್ಳಕ್ಕಿಗೆ. ದೊಡ್ಡದು ಇನ್ನಷ್ಟು ಕಾಲ ತಡೆದುಕೊಳ್ಳುತ್ತದೆ. ಗೋವಕ್ಕಿಗೆ ಏನೂ ಆಗುವುದಿಲ್ಲ. ನಡುಗಡ್ಡೆಯ ಮರಗಳು ಉಳಿದಿದ್ದರೆ ಅದರ ಸಂಖ್ಯೆ ಏರಲೂಬಹುದು. ಹೀಗಿರುವಾಗ ನಾಲ್ಕನ್ನೂ ಕೂಡಿಸಿ ಬರೆದ ಮೊತ್ತ ಹತ್ತು ವರ್ಷ ಒಂದೇ ಮಟ್ಟದಲ್ಲಿ ನಿಂತಿರಬಹುದು, ಕೆರೆ ಮಾತ್ರ ಒಳಗೊಳಗೇ ಬೇರೆಯಾಗಿರುತ್ತದೆ. ಬೆಳಗಿನ ಎಣಿಕೆಗೂ ಸಂಜೆಯ ಎಣಿಕೆಗೂ ಇದೇ ತೊಡಕು. ಸಂಜೆ ತಂಗಲು ಬರುವ ಗೋವಕ್ಕಿಗಳ ಹಿಂಡು ಮೊತ್ತವನ್ನು ಒಮ್ಮೆಲೇ ಹಲವು ಪಟ್ಟು ಏರಿಸುತ್ತದೆ, ಅದರಿಂದ ನೀರಿನ ಬಗ್ಗೆ ಏನೂ ಹೇಳಿದ ಹಾಗಾಗುವುದಿಲ್ಲ.

ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ನೀರಾಗುವ ಸರಣಿ. ಜಕ್ಕೂರಿನ ಕೆರೆಯ ತಲೆಭಾಗದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದಿಂದ ಆರಂಭವಾದ ಕೊಳಚೆನೀರು ಸಂಸ್ಕರಣಾ ಘಟಕವಿದೆ. ಅಲ್ಲಿಂದ ಹೊರಟ ನೀರು ಜೊಂಡು ಬೆಳೆಸಿದ ಜೌಗಿನ ಮೂಲಕ ಹಾಯ್ದು ಕೆರೆಗೆ ಸೇರುತ್ತದೆ. ಆದ್ದರಿಂದ ಕಡುಬೇಸಿಗೆಯಲ್ಲೂ ನೀರಿರುತ್ತದೆ. ನೀರು ಇಳಿದು ಕೆಸರು ತೆರೆಯುವ ಹಳೆಯ ಕ್ರಮ ಮಾತ್ರ ಇಲ್ಲ. ಜೌಗಿನಿಂದ ನೀರು ಕೆರೆಗೆ ಬೀಳುವ ಬಾಯಲ್ಲಿ ಮಾತ್ರ ತೆಳುನೀರು, ಅಲ್ಲಿ ನಾಲ್ಕೂ ಜಾತಿಗಳು ಒತ್ತೊತ್ತಾಗಿ ಸೇರುತ್ತವೆ. ನಾಲ್ಕನ್ನೂ ಒಂದೇ ಚೌಕಟ್ಟಿನಲ್ಲಿ ಹೋಲಿಸಿ ಕಲಿಯಲು ಉತ್ತರ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ.

ಬಿಳಿ ಮೈಯ ಈ ಹೋಲಿಕೆ ನೆಂಟಸ್ತಿಕೆಯಿಂದ ಬಂದದ್ದಲ್ಲ. ದೊಡ್ಡ ಬೆಳ್ಳಕ್ಕಿಗೆ ಹತ್ತಿರದ ಬಂಧುಗಳು ಬೂದು ಬಕ, ಕೆನ್ನೀಲಿ ಬಕಗಳ ಬಳಗ; ಚಿಕ್ಕ ಬೆಳ್ಳಕ್ಕಿ ಎಗ್ರೆಟ್ಟಾ ಎಂಬ ಬೇರೆಯೇ ಕವಲಿನದು. ಡಿಎನ್‌ಎ ಹೋಲಿಕೆಯ ಅಧ್ಯಯನಗಳು ದೊಡ್ಡ ಮತ್ತು ಮಧ್ಯಮ ಬೆಳ್ಳಕ್ಕಿಗಳನ್ನು, ಇತ್ತೀಚೆಗೆ ಗೋವಕ್ಕಿಯನ್ನೂ, ಅರ್ಡಿಯಾ ಬಳಗದ ಹತ್ತಿರಕ್ಕೆ ತಂದಿವೆ. ಅಂದರೆ ಜಕ್ಕೂರಿನ ಜೌಗಿನಲ್ಲಿ ಪಕ್ಕಪಕ್ಕದಲ್ಲಿ ನಿಂತ ದೊಡ್ಡ ಬೆಳ್ಳಕ್ಕಿ ಮತ್ತು ಚಿಕ್ಕ ಬೆಳ್ಳಕ್ಕಿಗಿಂತ, ದೊಡ್ಡ ಬೆಳ್ಳಕ್ಕಿ ಮತ್ತು ಆಚೆ ಜೊಂಡಿನಲ್ಲಿ ಅಡಗಿದ ಕೆನ್ನೀಲಿ ಬಕ ಹತ್ತಿರದ ಸಂಬಂಧಿಗಳು. ಗುರುತಿಸುವವರಿಗೆ ಇದು ಉಪಯೋಗಕ್ಕೆ ಬರುವ ತಿಳಿವಳಿಕೆ. ಗರಿಯ ಬಣ್ಣ ಬೇರೆ ಬೇರೆ ಕವಲುಗಳಲ್ಲಿ ಒಂದೇ ಆಗಿ ಬರಬಲ್ಲದು. ಎಲುಬು, ತಲೆಬುರುಡೆ, ಕೊರಳು ಅಷ್ಟು ಸುಲಭವಾಗಿ ಒಂದೇ ಆಗುವುದಿಲ್ಲ. ಬಕಗಳ ಕೊರಳು ಮುರಿದಂತೆ ಕೋನವಾಗಿ ಬಾಗುವುದಕ್ಕೆ ಕಾರಣ ಕುತ್ತಿಗೆಯ ಆರನೆಯ ಕಶೇರು ಉಳಿದವುಗಳಿಗಿಂತ ಉದ್ದವಾಗಿ, ಬೇರೆ ರೀತಿಯಲ್ಲಿ ಕೂಡಿಕೊಂಡಿರುವುದು. ಮೀನಿನ ಮೇಲೆ ಕೊಕ್ಕನ್ನು ಸಿಡಿಸುವ ಶಕ್ತಿ ಬರುವುದು ಈ ಕೀಲಿನಿಂದ. ದೊಡ್ಡ ಬೆಳ್ಳಕ್ಕಿಯ ಉದ್ದ ಕೊರಳಲ್ಲಿ ಈ ಮುರಿವು ಎದ್ದು ಕಾಣುತ್ತದೆ, ಮಧ್ಯಮದ್ದರಲ್ಲಿ ಕೊರಳು ಹೆಚ್ಚು ನಯವಾಗಿ ಬಳುಕುತ್ತದೆ.

ಈಗ ಕೊಕ್ಕಿನ ಬಣ್ಣದ ವಿಷಯ. ಹೊಸದಾಗಿ ಹಕ್ಕಿ ನೋಡಲು ಬಂದವರಿಗೆ ಹೇಳಿಕೊಡುವ ಮೊದಲ ಪಾಠ ‘ಹಳದಿ ಕೊಕ್ಕಾದರೆ ದೊಡ್ಡದು ಅಥವಾ ಮಧ್ಯಮ, ಕರಿ ಕೊಕ್ಕಾದರೆ ಚಿಕ್ಕದು’ ಎಂಬುದು. ಜನವರಿಯ ಗಣತಿಗೆ ಈ ಪಾಠ ಬಹುಮಟ್ಟಿಗೆ ಒದಗುತ್ತದೆ. ಆಗ ದೊಡ್ಡದರ ಕೊಕ್ಕು ಹಳದಿ, ಮಧ್ಯಮದ್ದು ಹಳದಿ, ಹಲವು ಸಲ ತುದಿಯಲ್ಲಿ ಕಪ್ಪು, ಗೋವಕ್ಕಿಯದು ಹಳದಿ, ಚಿಕ್ಕದರದು ಮಾತ್ರ ಕಪ್ಪು. ಸಂತಾನಕಾಲ ಬಂದಾಗ ಈ ಪಾಠ ತಲೆಕೆಳಗಾಗುತ್ತದೆ. ದೊಡ್ಡ ಬೆಳ್ಳಕ್ಕಿಯ ಕೊಕ್ಕು ಕಪ್ಪಾಗುತ್ತದೆ, ಮಧ್ಯಮದ್ದೂ ಕಪ್ಪಾಗುತ್ತದೆ, ಚಿಕ್ಕದು ಹೇಗೂ ಕಪ್ಪು. ಮೂರು ಜಾತಿಗೂ ಒಂದೇ ಕೊಕ್ಕು. ಬದಲಾವಣೆ ಒಂದೇ ದಿನಕ್ಕೆ ಆಗುವುದೂ ಇಲ್ಲ: ನಡುವಿನ ವಾರಗಳಲ್ಲಿ ಅರ್ಧ ಕಪ್ಪು ಅರ್ಧ ಹಳದಿಯ, ಮಚ್ಚೆ ಬಿದ್ದ ಕೊಕ್ಕುಗಳು ಕಾಣುತ್ತವೆ. ಇಂಥ ದೊಡ್ಡ ಬೆಳ್ಳಕ್ಕಿಯ ಕೊಕ್ಕಿನ ತುದಿಯಷ್ಟೇ ಕಪ್ಪಾಗಿದ್ದರೆ ಅದನ್ನು ‘ಕಪ್ಪು ತುದಿಯ ಮಧ್ಯಮ’ ಎಂದು ಬರೆಯುವ ಆತುರವನ್ನು ಹಲವು ಪಟ್ಟಿಗಳಲ್ಲಿ ನೋಡಬಹುದು.

ಹಾಗಾದರೆ ತಿಂಗಳು ನೋಡಿ ತೀರ್ಮಾನಿಸಬಹುದೇ? ಅದೂ ಆಗದು. ನಮ್ಮ ರಾಜ್ಯದಲ್ಲಿ ಬಕಗಳ ಗೂಡುಕಾಲ ಮಳೆ ಮತ್ತು ನೀರಿನ ಮಟ್ಟವನ್ನು ಅನುಸರಿಸುತ್ತದೆ. ಶಿವಮೊಗ್ಗ ಜಿಲ್ಲೆಯ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳು ಬೆಳ್ಳಕ್ಕಿ ಗೂಡುಗಳಿಂದ ತುಂಬುವುದು ಮಳೆಗಾಲದಲ್ಲಿ. ಬಯಲುಸೀಮೆಯ ಕೆರೆಗಳಲ್ಲಿ ಮುಂಗಾರು ಕೈಕೊಟ್ಟು ಹಿಂಗಾರು ಸುರಿದ ವರ್ಷ ಗೂಡುಕಾಲ ಮುಂದಕ್ಕೆ ಸರಿಯುತ್ತದೆ. ಸಾಲಿಂ ಅಲಿ ಮತ್ತು ರಿಪ್ಲಿಯವರ ಕೈಪಿಡಿಯೂ ಉತ್ತರ ಭಾರತಕ್ಕೆ ಒಂದು ಕಾಲ, ದಕ್ಷಿಣಕ್ಕೆ ಇನ್ನೊಂದು ಕಾಲ ಕೊಡುತ್ತದೆ. ವರ್ಷವಿಡೀ ಸಂಸ್ಕರಿಸಿದ ನೀರು ತುಂಬಿಕೊಳ್ಳುವ ಜಕ್ಕೂರಿನಂಥ ಕೆರೆಯಲ್ಲಿ ಪಂಚಾಂಗದ ಮೇಲೆ ಭರವಸೆ ಇಡುವುದು ಇನ್ನೂ ಕಷ್ಟ.

ಬೇರೆ ದೇಶದ ಪುಸ್ತಕ ಮತ್ತು ಚಿತ್ರಗಳಿಂದ ಬರುವ ಗೊಂದಲವೂ ಸಣ್ಣದಲ್ಲ. ಅಮೆರಿಕದ ದೊಡ್ಡ ಬೆಳ್ಳಕ್ಕಿಗೆ ಸಂತಾನಕಾಲದಲ್ಲೂ ಕೊಕ್ಕು ಹಳದಿ–ಕಿತ್ತಳೆಯಾಗಿಯೇ ಉಳಿಯುತ್ತದೆ. ನಮ್ಮ ಮೊಡೆಸ್ಟಾ ಉಪಜಾತಿಯಲ್ಲಿ ಅದು ಕಪ್ಪಾಗುವುದಲ್ಲದೆ ಕೊಕ್ಕಿನ ಬುಡದ ಬರಿಚರ್ಮ ನೀಲಿ–ಹಸಿರಿಗೆ ತಿರುಗಿ, ಕಾಲಿನ ಮೇಲ್ಭಾಗ ಕೆಂಪಾಗುತ್ತದೆ. ಮಧ್ಯಮ ಬೆಳ್ಳಕ್ಕಿಯ ಕಥೆ ಇನ್ನೂ ತೊಡಕಿನದು. ಆಸ್ಟ್ರೇಲಿಯದ ಹಕ್ಕಿಗೆ ಸಂತಾನಕಾಲದಲ್ಲಿ ಕೊಕ್ಕು ಕೆಂಪು, ಆಫ್ರಿಕದ್ದಕ್ಕೆ ಹಳದಿ–ಕಿತ್ತಳೆ, ನಮ್ಮದಕ್ಕೆ ಕಪ್ಪು. ಬಹಳ ಕಾಲ ಮೂರೂ ಒಂದೇ ಜಾತಿಯೆಂದು ಪರಿಗಣಿತವಾಗಿದ್ದುದರಿಂದ ಮೂರರ ಚಿತ್ರಗಳೂ ಒಂದೇ ಹೆಸರಿನಡಿ ಓಡಾಡಿದವು. 2023ರಲ್ಲಿ ಈಬರ್ಡ್ ಬಳಸುವ ಕ್ಲೆಮೆಂಟ್ಸ್ ಪಟ್ಟಿ ಇವನ್ನು ಮೂರು ಜಾತಿಗಳಾಗಿ ಬಿಡಿಸಿತು. ಗೋವಕ್ಕಿಯೂ ಅದೇ ವರ್ಷ ಪೂರ್ವದ್ದು, ಪಶ್ಚಿಮದ್ದು ಎಂದು ಎರಡಾಯಿತು. ನಮ್ಮದು ಪೂರ್ವದ್ದು, ಸಂತಾನಕಾಲದಲ್ಲಿ ತಲೆ, ಕೆನ್ನೆ, ಕೊರಳವರೆಗೂ ಕಿತ್ತಳೆ ಬಣ್ಣ ಹರಡುವ ಹಕ್ಕಿ. ಹಾಗಾಗಿ ಹಳೆಯ ಚಿತ್ರಸಂಪುಟ ನೋಡಿ ಕಲಿಯುವವರು ಚಿತ್ರ ಎಲ್ಲಿ ತೆಗೆದದ್ದು ಎಂದು ಮೊದಲು ನೋಡಬೇಕು.

ಋತುವಿನ ಜೊತೆ ಬದಲಾಗದೆ ಉಳಿಯುವ ಲಕ್ಷಣಗಳಲ್ಲಿ ಮೊದಲನೆಯದು ಬಾಯಿಗೆರೆ. ಕೊಕ್ಕಿನ ಮೇಲುತುಟಿ ಕೆಳತುಟಿಗಳು ಕೂಡುವ ಸೀಳು ಮುಖದ ಮೇಲೆ ತೆಳುವಾದ ಕಪ್ಪು ಗೆರೆಯಾಗಿ ಮುಂದುವರಿಯುತ್ತದೆ. ದೊಡ್ಡ ಬೆಳ್ಳಕ್ಕಿಯಲ್ಲಿ ಈ ಗೆರೆ ಕಣ್ಣಿನ ಕೆಳಗೆ ಹಾಯ್ದು ಕಣ್ಣಿಗಿಂತ ಹಿಂದಕ್ಕೆ ಹೋಗಿ ಮೊನಚಾಗಿ ನಿಲ್ಲುತ್ತದೆ. ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ನೇರ ಕೆಳಗೆ ಮುಗಿಯುತ್ತದೆ. ದೂರದರ್ಶಕದಲ್ಲಿ ಇದನ್ನು ಕಾಣಲು ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು. ಜಕ್ಕೂರಿನ ಜೌಗಿನ ಬಾಯಲ್ಲಿ ಒಂದು ಹಕ್ಕಿ ಜೊಂಡಿನಿಂದ ಹೊರಗೆ ಬಂದದ್ದನ್ನು ನೋಡುತ್ತಿದ್ದೆ. ಹಳದಿ ಕೊಕ್ಕು, ಕಪ್ಪು ಕಾಲು, ಪಕ್ಕದಲ್ಲಿ ಅಳತೆಗೆ ಬೇರೆ ಹಕ್ಕಿಯಿಲ್ಲ. ಮೊದಲು ನನ್ನತ್ತ ಮುಖ ಮಾಡಿತ್ತು. ಆ ಕೋನದಲ್ಲಿ ಗೆರೆ ಎಲ್ಲಿ ಮುಗಿಯಿತೆಂದು ಹೇಳಲು ಬರುವುದಿಲ್ಲ, ಮುಖವೆಲ್ಲ ಕುಗ್ಗಿ ಕಾಣುತ್ತದೆ. ಎರಡು ಹೆಜ್ಜೆ ಇಟ್ಟು ಕೊರಳು ಚಾಚಿ ನೀರಿನತ್ತ ಬಾಗಿದಾಗ ಪಕ್ಕ ಸಿಕ್ಕಿತು: ಹಣೆ ದುಂಡು, ಕೊಕ್ಕು ಮೊಂಡು, ಗೆರೆ ಕಣ್ಣಿನ ಗುಡ್ಡೆಯ ಕೆಳಗೇ ನಿಂತಿದೆ. ತಲೆ ಎತ್ತಿದ ಮೇಲೆ ಕೊರಳು ಮೈಯಷ್ಟೇ ಉದ್ದ, ಹೆಚ್ಚಿಲ್ಲ. ಮಧ್ಯಮ ಬೆಳ್ಳಕ್ಕಿ ಎಂದು ಬರೆಯಲು ಇಷ್ಟು ಬೇಕು, ಇಷ್ಟು ಸಾಕು. ಅದೇ ಹಕ್ಕಿ ತಿರುಗುವ ಮೊದಲೇ ಹಾರಿಹೋಗಿದ್ದರೆ ಅದು ಗುರುತಾಗದ ಸಾಲಿಗೆ ಸೇರಬೇಕಿತ್ತು.

ಚಿತ್ರ ತೆಗೆದರೆ ಸಂಶಯ ತೀರುತ್ತದೆ ಎಂದು ನಂಬುವವರಿಗೆ ಒಂದು ಮಾತು. ಬಿಸಿಲಿನಲ್ಲಿ ನಿಂತ ಬಿಳಿ ಹಕ್ಕಿಯನ್ನು ಕ್ಯಾಮೆರಾ ತನ್ನಷ್ಟಕ್ಕೆ ಅಳೆದು ತೆಗೆದಾಗ ಬೆಳಕು ಮಿತಿಮೀರಿ ಮುಖದ ವಿವರ ಅಳಿಸಿಹೋಗುತ್ತದೆ, ಹಾಗೆ ಅಳಿಸುವ ಮೊದಲ ವಿವರವೇ ಈ ತೆಳುಗೆರೆ. ಗೆರೆ ಇದ್ದರೂ ಚಿತ್ರದಲ್ಲಿ ಮೋಟಾಗಿ ಕಾಣುತ್ತದೆ. ದೊಡ್ಡದು ಮಧ್ಯಮವಾಗಿ ದಾಖಲಾಗುತ್ತದೆ. ಬೆಳಕನ್ನು ಸ್ವಲ್ಪ ಇಳಿಸಿ ತೆಗೆಯುವುದು, ಪಕ್ಕದ ಭಂಗಿಯ ಹಲವು ಚಿತ್ರಗಳನ್ನು ಇಟ್ಟುಕೊಳ್ಳುವುದು, ಗರಿ ಹರಡಿದ ಚೆಂದದ ಚಿತ್ರಕ್ಕಿಂತ ಮುಖದ ಸಾಧಾರಣ ಚಿತ್ರವನ್ನು ಉಳಿಸುವುದು ಹೆಚ್ಚು ಉಪಕಾರಿ.

ಗಾತ್ರವನ್ನು ನಾನು ಎರಡನೇ ಸ್ಥಾನದಲ್ಲಿ ಇಡುತ್ತೇನೆ. ಪುಸ್ತಕಗಳು ಗೋವಕ್ಕಿಗೆ 46ರಿಂದ 56, ಚಿಕ್ಕದಕ್ಕೆ 55ರಿಂದ 65, ಮಧ್ಯಮದ್ದಕ್ಕೆ 56ರಿಂದ 72, ದೊಡ್ಡದಕ್ಕೆ 80ರಿಂದ 104 ಸೆಂಟಿಮೀಟರ್ ಕೊಡುತ್ತವೆ. ಆದರೆ ಈ ಉದ್ದ ಸತ್ತ ಹಕ್ಕಿಯನ್ನು ನೇರವಾಗಿ ಮಲಗಿಸಿ ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಅಳೆದದ್ದು. ಬದುಕಿರುವ ಬಕ ಕೊರಳನ್ನು ಭುಜದೊಳಗೆ ಸೇದಿಕೊಂಡು ಅರ್ಧವಾಗಿ ಕೂರುತ್ತದೆ. ದೊಡ್ಡ ಬೆಳ್ಳಕ್ಕಿಗೆ ಕೊಟ್ಟ ಅಳತೆಯಲ್ಲಿ ನಮ್ಮ ಉಪಜಾತಿ ಯುರೋಪಿನದಕ್ಕಿಂತ ಚಿಕ್ಕದೆಂಬುದನ್ನೂ ನೆನಪಿಡಬೇಕು. ಪಕ್ಕದಲ್ಲಿ ಕೊಳದ ಬಕವೋ ಚಿಕ್ಕ ನೀರುಕಾಗೆಯೋ ನಿಂತಿದ್ದರೆ ಗಾತ್ರ ಮಾತಾಡುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಕಡೆಯಿಂದ ಕೆರೆಯ ನಡುಗಡ್ಡೆಯಲ್ಲಿ ಒಂಟಿಯಾಗಿ ಕಂಡ ಬಿಳಿ ಚುಕ್ಕಿಯ ಗಾತ್ರದಿಂದ ಯಾವ ತೀರ್ಮಾನಕ್ಕೂ ಬರಬಾರದು.

ಚಿಕ್ಕ ಬೆಳ್ಳಕ್ಕಿಯನ್ನು ಎಲ್ಲರೂ ಸುಲಭವೆನ್ನುತ್ತಾರೆ: ಕಪ್ಪು ಕಾಲು, ಹಳದಿ ಪಾದ. ಪಾದ ಕಂಡರೆ ಸುಲಭವೇ. ಆದರೆ ಈ ಹಕ್ಕಿ ಕೆಸರು ಕದಡಿಯೇ ಬದುಕುವುದು, ಪಾದ ನೀರೊಳಗೆ ಇರುತ್ತದೆ, ಹೊರಗೆ ಬಂದಾಗಲೂ ಬೆರಳಿಗೆ ಕಪ್ಪು ಕೆಸರು ಮೆತ್ತಿರುತ್ತದೆ. ಹಾರುವಾಗ ಬಾಲದಾಚೆ ಚಾಚಿದ ಹಳದಿ ಪಾದ ಸ್ಪಷ್ಟವಾಗಿ ಕಾಣುತ್ತದೆ, ಆ ಕ್ಷಣಕ್ಕಾಗಿ ಕಾಯುವುದು ಒಳ್ಳೆಯದು. ಇನ್ನೊಂದು ತೊಡಕು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಗೂಡು ಬಿಟ್ಟ ಹೊಸದರಲ್ಲಿ ಗೋವಕ್ಕಿಯ ಮರಿಗೂ ಕೊಕ್ಕು ಕಪ್ಪಾಗಿರುತ್ತದೆ, ಕ್ರಮೇಣ ಹಳದಿಗೆ ತಿರುಗುತ್ತದೆ. ಗೂಡುಮರಗಳ ಬುಡದಲ್ಲಿ, ಪಕ್ಕದ ಹುಲ್ಲಿನಲ್ಲಿ ಅಡ್ಡಾಡುವ ಈ ಕರಿಕೊಕ್ಕಿನ ಮರಿಗಳು ಚಿಕ್ಕ ಬೆಳ್ಳಕ್ಕಿಗಳಾಗಿ ಎಣಿಕೆಗೆ ಬಂದರೆ ಆಶ್ಚರ್ಯವಿಲ್ಲ. ಇವುಗಳಲ್ಲಿ ನೋಡಬೇಕಾದದ್ದು ಕೊಕ್ಕಿನ ಮೋಟುತನ ಮತ್ತು ಗಲ್ಲದ ಗರಿ: ಗೋವಕ್ಕಿಯ ಗಲ್ಲದ ಗರಿ ಕೊಕ್ಕಿನ ಅಡಿಯಲ್ಲಿ ಮುಂದಕ್ಕೆ ತುಂಬಿಕೊಂಡು ದಪ್ಪ ದವಡೆಯ ನೋಟ ಕೊಡುತ್ತದೆ. ಚಿಕ್ಕ ಬೆಳ್ಳಕ್ಕಿಯ ಮುಖದಲ್ಲಿ ಆ ತುಂಬು ಇಲ್ಲ.

ಕರಾವಳಿಗೆ ಇಳಿದರೆ ಐದನೆಯದೊಂದು ಸೇರಿಕೊಳ್ಳುತ್ತದೆ. ಎಗ್ರೆಟ್ಟಾ ಗುಲಾರಿಸ್, ಕಡಲ ಬೆಳ್ಳಕ್ಕಿ, ಬೂದು–ಕಪ್ಪು ಮೈಯದೂ ಇದೆ, ಪೂರ್ತಿ ಬಿಳಿಯದೂ ಇದೆ. ಬಿಳಿಯದಕ್ಕೂ ಚಿಕ್ಕ ಬೆಳ್ಳಕ್ಕಿಗೂ ಅಂತರ ಕೊಕ್ಕಿನ ದಪ್ಪ, ತುಸು ಬಾಗು, ಕಂದು–ಹಳದಿ ಛಾಯೆ. ಕೆಲವು ವರ್ಗೀಕರಣಗಳಲ್ಲಿ ಎರಡನ್ನೂ ಒಂದೇ ಜಾತಿಯ ಉಪಜಾತಿಗಳೆಂದು ಇಟ್ಟದ್ದೂ ಉಂಟು. ಕಡಲಿನಿಂದ ದೂರವಿರುವ ಬೆಂಗಳೂರಿನಲ್ಲಿ ಬಿಳಿ ಹಕ್ಕಿಯೊಂದನ್ನು ಈ ಹೆಸರಿನಿಂದ ಬರೆಯುವವರು ಕೊಕ್ಕಿನ ಚಿತ್ರವಿಲ್ಲದೆ ಬರೆಯಬಾರದು.

ಕಂದು ಬಕಗಳ ಗೊಂದಲ ಬೇರೆ ತರಹದ್ದು. ಕೂತಾಗ ಕೆಸರಿನಲ್ಲಿ ಕರಗಿಹೋಗುವ ಕೊಳದ ಬಕ ಹಾರಿದೊಡನೆ ಬಿಳಿ ರೆಕ್ಕೆ ತೆರೆದು ತನ್ನನ್ನು ತಾನೇ ತೋರಿಸಿಕೊಡುತ್ತದೆ. 1832ರಲ್ಲಿ ಕರ್ನಲ್ ಸೈಕ್ಸ್ ದಖ್ಖನ್ನಿನಿಂದ ವಿವರಿಸಿದ ಆರ್ಡಿಯೋಲಾ ಗ್ರೇಯೈ ಇದು. ಹಸಿರು ಬಕದ ಮರಿ, ಇರುಳು ಬಕದ ಮರಿ ಎರಡೂ ಕೂತಾಗ ಇದನ್ನೇ ಹೋಲುತ್ತವೆ. ಮೂರೂ ಕಂದು, ಮೂರಕ್ಕೂ ಎದೆಯ ಮೇಲೆ ಗೀರು. ಇರುಳು ಬಕದ ಮರಿಯ ರೆಕ್ಕೆಯ ಮೇಲೆ ಹನಿಯಾಕಾರದ ದೊಡ್ಡ ಬಿಳಿ ಚುಕ್ಕೆಗಳಿವೆ, ಗಾತ್ರವೂ ಕೊಳದ ಬಕಕ್ಕಿಂತ ದೊಡ್ಡದು, ಕೊಕ್ಕು ದಪ್ಪ. ಹಸಿರು ಬಕದ ಮರಿಯ ಚುಕ್ಕೆಗಳು ಸಣ್ಣವು, ಹಾರಿದಾಗ ರೆಕ್ಕೆ ಕಡುಬಣ್ಣ. ಮೂರನ್ನೂ ಹಾರುವವರೆಗೆ ಕಾದು ನೋಡಿದರೆ ಕೊಳದ ಬಕ ಬೇರೆಯಾಗುತ್ತದೆ. ಬಗೆಹರಿಯದೆ ಉಳಿಯುವುದು ಕೊಳದ ಬಕ ಮತ್ತು ಅದರ ಚೀನೀ ದಾಯಾದಿಯ ನಡುವಿನ ಪ್ರಶ್ನೆ. ಈಶಾನ್ಯ ರಾಜ್ಯಗಳಲ್ಲಿ, ಅಂಡಮಾನಿನಲ್ಲಿ ಕಾಣುವ ಚೀನೀ ಕೊಳದ ಬಕ ಸಂತಾನಕಾಲದಲ್ಲಿ ಕಡುಕೆಂಪು ತಲೆ, ಕರಿಬೂದು ಬೆನ್ನು ತಳೆಯುತ್ತದೆ. ನಮ್ಮದು ತಿಳಿಹಳದಿ ತಲೆ, ಕೆಂಗಂದು ಬೆನ್ನು. ಆ ಉಡುಗೆ ಕಳಚಿದ ಮೇಲೆ ಬಯಲಿನಲ್ಲಿ ಎರಡನ್ನೂ ಭರವಸೆಯಿಂದ ಬೇರ್ಪಡಿಸುವ ಲಕ್ಷಣವಿಲ್ಲ. ಜನವರಿಯ ಪಟ್ಟಿಯಲ್ಲಿ ಬೆಂಗಳೂರಿನ ಕೊಳದ ಬಕಗಳನ್ನೆಲ್ಲ ನಮ್ಮ ಜಾತಿಗೆ ಸೇರಿಸುವುದು ನೆಲೆಯ ಆಧಾರದ ಮೇಲೆ, ಲಕ್ಷಣದ ಆಧಾರದ ಮೇಲಲ್ಲ. ಬರೆಯುವವರಿಗೆ ಇದರ ಅರಿವು ಇರಬೇಕು.

ಗೂಡುತಾಣಗಳ ಎಣಿಕೆಗೆ ಬಂದರೆ ಕಷ್ಟ ಇಮ್ಮಡಿಯಾಗುತ್ತದೆ. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಹಾವಕ್ಕಿ ಅಲ್ಲಿನ ಮರಗಳಲ್ಲಿ ಗೂಡು ಕಟ್ಟುವುದು ಎಲ್ಲರ ಗಮನ ಸೆಳೆದಿದೆ. ಇಂಥ ಮಿಶ್ರ ಗೂಡುತಾಣಗಳಲ್ಲಿ ಬೆಳ್ಳಕ್ಕಿಗಳ ಗೂಡು ಎಲ್ಲವೂ ಕಡ್ಡಿಯ ತಟ್ಟೆ, ಮೊಟ್ಟೆ ಎಲ್ಲವೂ ತಿಳಿ ನೀಲಿ–ಹಸಿರು, ಮರಿ ಎಲ್ಲವೂ ಬಿಳಿ. ತಾಯಿ ಅಥವಾ ತಂದೆ ಹಕ್ಕಿ ಗೂಡಿಗೆ ಬಂದು ಕೂತಾಗ ಮಾತ್ರ ಆ ಗೂಡು ಯಾರದೆಂದು ಬರೆಯಬಹುದು. ಸಂತಾನಕಾಲದ ಗರಿ ಆಗ ನೆರವಿಗೆ ಬರುತ್ತದೆ: ದೊಡ್ಡದಕ್ಕೆ ಬೆನ್ನಿನ ಮೇಲೆ ಮಾತ್ರ ಜಾಲರಿ ಗರಿ, ಮಧ್ಯಮದ್ದಕ್ಕೆ ಬೆನ್ನು, ಎದೆ ಎರಡರಲ್ಲೂ, ಚಿಕ್ಕದಕ್ಕೆ ಇವೆರಡರ ಜೊತೆ ನೆತ್ತಿಯ ಹಿಂದಿನಿಂದ ಇಳಿಬೀಳುವ ಎರಡು ಉದ್ದ ಗರಿ. ಯುರೋಪಿನ ಟೊಪ್ಪಿಗೆಗಳಿಗಾಗಿ ಈ ಗರಿಗಳ ವ್ಯಾಪಾರ ಎಷ್ಟು ಬೆಳೆದಿತ್ತೆಂದರೆ, 1902ರಲ್ಲಿ ಅಂದಿನ ಸರ್ಕಾರ ಭಾರತದಿಂದ ಗರಿ ರಫ್ತನ್ನೇ ನಿಷೇಧಿಸಬೇಕಾಯಿತು. ಹೆಬ್ಬಾಳದ ಆಚೆ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಎಸ್. ಸುಬ್ರಹ್ಮಣ್ಯ ಅವರು ಭಾರತದ ಗೂಡುತಾಣಗಳ ಹರಡುವಿಕೆ, ಸ್ಥಿತಿಗತಿಗಳನ್ನು ಕುರಿತ ದೀರ್ಘ ಪ್ರಬಂಧವನ್ನು 1996ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಬಗೆಯ ಕೆಲಸವನ್ನು ಮುಂದುವರಿಸುವವರಿಗೆ ಗೂಡಿಗೆ ಒಡೆಯರನ್ನು ಗೊತ್ತುಮಾಡುವ ಈ ತಾಳ್ಮೆಯೇ ಬಂಡವಾಳ.

ಹಳೆಯ ದಾಖಲೆಗಳನ್ನು ಇಂದಿನವುಗಳ ಜೊತೆ ಹೋಲಿಸುವವರು ಎರಡು ವಿಷಯ ನೆನಪಿಡಬೇಕು. ಮಧ್ಯಮ ಬೆಳ್ಳಕ್ಕಿ ಒಂದೊಂದು ಕಾಲದಲ್ಲಿ ಎಗ್ರೆಟ್ಟಾ, ಮೆಸೊಫಾಯಿಕ್ಸ್, ಅರ್ಡಿಯಾ ಎಂಬ ಮೂರು ಕುಲಗಳಲ್ಲಿ ದಾಖಲಾಗಿದೆ. ಒಂದನ್ನಷ್ಟೇ ಹುಡುಕಿದರೆ ಉಳಿದ ದಾಖಲೆಗಳು ತಪ್ಪಿಹೋಗುತ್ತವೆ. ಇನ್ನೊಂದು ವಸ್ತುಸಂಗ್ರಹಾಲಯದ ತೊಗಲುಗಳ ಮಿತಿ. ಒಣಗಿದ ಮೇಲೆ ಕೊಕ್ಕು, ಕಾಲು, ಮುಖದ ಬರಿಚರ್ಮದ ಬಣ್ಣ ಉಳಿಯುವುದಿಲ್ಲ. ಸಂಗ್ರಹಿಸಿದವರು ಅಂದೇ ಚೀಟಿಯಲ್ಲಿ ಬರೆದಿಟ್ಟಿದ್ದರೆ ಮಾತ್ರ ತಿಳಿಯುತ್ತದೆ. 1939–40ರಲ್ಲಿ ಸಾಲಿಂ ಅಲಿಯವರು ಮೈಸೂರು ಸಂಸ್ಥಾನದಲ್ಲಿ ನಡೆಸಿದ ಸಮೀಕ್ಷೆಯಂಥ ಕೆಲಸಗಳಿಂದ ಜಾತಿಯ ಇರುವಿಕೆ ಖಚಿತವಾಗುತ್ತದೆ, ಕೆರೆಕೆರೆಯ ಸಂಖ್ಯೆ ಸಿಗುವುದಿಲ್ಲ. ಸಂಖ್ಯೆ ಸಿಗುವುದು 1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿ ಗಣತಿಯಿಂದ ಈಚೆಗೆ. ಆ ಗಣತಿಯ ನಮೂನೆಯಲ್ಲಿ ಗುರುತಾಗದ ಬೆಳ್ಳಕ್ಕಿಗಳಿಗೆಂದೇ ಸಾಲು ಇದೆ, ಈಬರ್ಡ್‌ನಲ್ಲೂ ಜಾತಿ ತಿಳಿಯದ ಬಿಳಿ ಬೆಳ್ಳಕ್ಕಿ ಎಂಬ ಆಯ್ಕೆಯಿದೆ. ಅದನ್ನು ಬಳಸಲು ಹಿಂಜರಿಯುವವರೇ ಹೆಚ್ಚು. ನನ್ನ ಅನುಭವದಲ್ಲಿ ಪಟ್ಟಿಯಲ್ಲಿ ಆ ಸಾಲು ತುಂಬಿದ್ದರೆ ಉಳಿದ ಸಾಲುಗಳ ಮೇಲೆ ನಂಬಿಕೆ ಹೆಚ್ಚುತ್ತದೆ. ನಾಲ್ಕು ಜಾತಿಗಳ ಮುಂದೆ ಅಂಕಿಗಳಿದ್ದು ಆ ಸಾಲು ಸೊನ್ನೆಯಾಗಿದ್ದರೆ, ವಿಶ್ಲೇಷಣೆಗೆ ಕೂತವರು ಆ ಪಟ್ಟಿಯನ್ನು ಒಮ್ಮೆ ಸಂಶಯದಿಂದ ನೋಡಲೇಬೇಕು.

ಉತ್ತರ ಬೆಂಗಳೂರಿನ ಕೆರೆಗಳನ್ನು ನೋಡುವ ಗೆಳೆಯರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ದೊಡ್ಡ, ಮಧ್ಯಮ ಬೆಳ್ಳಕ್ಕಿಗಳ ಸಂಖ್ಯೆಯ ಪಕ್ಕದಲ್ಲಿ ಬಾಯಿಗೆರೆ ಕಂಡವೆಷ್ಟು, ಕಾಣದವೆಷ್ಟು ಎಂದು ಬರೆಯಿರಿ. ಕೊಕ್ಕಿನ ಬಣ್ಣವನ್ನು ಗುರುತಿಗಾಗಿ ಅಲ್ಲ, ಋತುವಿನ ದಾಖಲೆಯಾಗಿ ಬೇರೆಯೇ ಬರೆಯಿರಿ: ಪೂರ್ತಿ ಹಳದಿ, ಮಿಶ್ರ, ಪೂರ್ತಿ ಕಪ್ಪು. ಹಕ್ಕಿ ನಿಂತದ್ದು ಆಳದಲ್ಲೋ ಅಂಚಿನಲ್ಲೋ ಹುಲ್ಲಿನಲ್ಲೋ ಎಂದೂ, ಎಣಿಸಿದ್ದು ಬೆಳಗ್ಗೆಯೋ ಸಂಜೆಯೋ ಎಂದೂ ಬರೆಯಿರಿ. ಹೀಗೆ ಕೆಲವು ವರ್ಷ ಜಕ್ಕೂರು ಮತ್ತು ಪುಟ್ಟೇನಹಳ್ಳಿಗಳಲ್ಲಿ ಬರೆದಿಟ್ಟರೆ, ಸಂಸ್ಕರಿಸಿದ ನೀರಿನ ಕೆರೆಯಲ್ಲಿ ಮಧ್ಯಮ ಬೆಳ್ಳಕ್ಕಿಯ ಕೊಕ್ಕು ಯಾವ ತಿಂಗಳು ಕಪ್ಪಾಗುತ್ತದೆ, ಪುಟ್ಟೇನಹಳ್ಳಿಯಲ್ಲಿ ಯಾವಾಗ ಎಂಬುದನ್ನು ಮೊದಲ ಬಾರಿಗೆ ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಗುತ್ತದೆ.